ಕದಿರಣ್ಣನ ಸ್ಟೇರಿಂಗ್ ರಿಪೇರಿ

ಕದಿರಣ್ಣನ ಪಿಕಪ್ ಗಾಡಿಯ ಸ್ಟೇರಿಂಗಿಗೆ ಒಂದು ಕೆಟ್ಟ ಚಾಳಿ. ಎಡಕ್ಕೆ ತಿರುಗಿಸಿದರೆ ಸುಮ್ಮನಿರುತ್ತಿತ್ತು. ಬಲಕ್ಕೆ ತಿರುಗಿಸಿದರೆ ಸಾಕು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೀಂಯ್ ಎಂದು ಅರಚುತ್ತಿತ್ತು. ಹಿಂದೂಪುರದಿಂದ ಸೀರೆ ಗಂಟು ಹೇರಿಕೊಂಡು ವಾರವಾರ ಕಲ್ಯಾಣದುರ್ಗಕ್ಕೆ ಹೋಗಿಬರುವ ದಾರಿಯುದ್ದಕ್ಕೂ ಅವನಿಗೆ ಮಾತಾಡಲು ಬೇರೆ ಯಾರಿದ್ದರು? "ಆಯ್ತು ಕಣಮ್ಮ, ಕೇಳಿಸ್ತು" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದ.

ನಲವತ್ತು ದಾಟಿದ ಒಂಟಿ ಗಂಡಸು. ನೇಕಾರರ ಬೀದಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುತ್ತಿದ್ದ. ಊರಿಗೆಲ್ಲ ನಾಲ್ಕೈದೇ ಟೀವಿ ಇದ್ದ ಕಾಲ ಅದು. ರೇಡಿಯೋದವರು ನಮಸ್ಕಾರ ಅಂದರೆ ಇವನೂ ಕೈಮುಗಿದು ನಮಸ್ಕಾರ ಅನ್ನುವ ಸ್ಥಿತಿಗೆ ಬಂದಿದ್ದ. ನಗಬೇಡಿ, ಒಂಟಿತನ ಶತ್ರುವಿಗೂ ಬೇಡ.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಪಕ್ಕ ದೋಸೆ ಅಂಗಡಿ ಇಟ್ಟಿದ್ದ ಓಬಮ್ಮ ಗಂಡನನ್ನು ಕಳೆದುಕೊಂಡವಳು. ಅವಳ ದೋಸೆ ತಿಂದು ತಿಂದು ಕದಿರಣ್ಣನ ಮನಸ್ಸು ಅಲ್ಲೇ ಬೀಡುಬಿಟ್ಟಿತ್ತು. ಬಾಯಿ ಮಾತ್ರ "ಇನ್ನೊಂಚೂರು ಚಟ್ನಿ" ಎನ್ನುವುದರಿಂದ ಮುಂದಕ್ಕೆ ಹೋಗಿರಲಿಲ್ಲ. ಕೊನೆಗೆ ಒಂದು ವಾರ ಅವಳೇ ಬಾಯಿಬಿಟ್ಟಳು.

"ಸ್ವಾಮಾರ ಬ್ರಹ್ಮಸಮುದ್ರದಿಂದ ನಮ್ಮಣ್ಣ ಬತ್ತಾನೆ. ಅಮರೇಶಪ್ಪ ಅಂತ ಒಬ್ರನ್ನ ಕರ್ಕೊಂಡು ಬತ್ತಾನೆ, ಎಲೆ ಅಡಿಕೆ ಬದಲಾಯಿಸಾಕೆ. ನಿಂದೇನಾರ ಹೇಳಾದಿದ್ರೆ ದೀಪ ಹಚ್ಚಾದ್ರೊಳ್ಗೆ ಬಂದು ಅಣ್ಣನ ತಾವ ಹೇಳ್ಬುಡು. ಎಲೆ ಅಡಿಕೆ ಕೈ ಬದಲಾದ್ಮೇಲೆ ನಾನು ಮಾತು ತಪ್ಪಾಕಿಲ್ಲ ಕಣಪ್ಪ."

ಸೋಮವಾರ ಬೆಳಿಗ್ಗೆ ಕದಿರಣ್ಣ ಕ್ಷೌರ ಮಾಡಿಸಿ, ಬಿಳಿ ಅಂಗಿ ತೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಗಾಡಿ ಹತ್ತಿದ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ. ಕೀಂಯ್! ಗಾಡೀನೇ ನೆಟ್ಟಗೆ ಇಟ್ಟುಕೊಳ್ಳದವನು ನನ್ನ ತಂಗೀನ ಹೇಗೆ ನೋಡಿಕೊಳ್ಳುತ್ತಾನೆ ಎಂದು ಅವಳಣ್ಣ ಕೇಳಿದರೆ? ರಿಪೇರಿ ಆಗದ ಹೊರತು ಹೊರಡಬಾರದೆಂದು ಇಳಿದ.

ಅಷ್ಟರಲ್ಲಿ ಎದುರುಮನೆಯ ರಾಮಲಿಂಗಯ್ಯ ಮಗ್ಗ ಬಿಟ್ಟು ಎದ್ದುಬಂದ. ಮಗ್ಗದ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಎಂದು ಹೇಳಬಲ್ಲ ಕಿವಿ ಅವನದು.

"ಇದು ನಮ್ ಮಗ್ಗದ್ ಕಾಯ್ಲೇನೇ ಕಣ್ಲಾ. ಹರಳೆಣ್ಣೆ ಬಿಟ್ರೆ ಕೈಗೂಸಿನಂಗೆ ಸುಮ್ಕಾಯ್ತದೆ."

"ಮಗ್ಗವೇ ಬೇರೆ, ಗಾಡಿಯೇ ಬೇರೆ ಅಲ್ವಾ ಮಾವಾ?"

"ತಿರುಗೋದೆಲ್ಲ ಒಂದೇ ಜಾತಿ, ಸುಮ್ಕಿರು!"

ಹಾರ್ನ್ ಗುಂಡಿಯನ್ನು ಕಿತ್ತು ಒಳಗೆ ಚೊಂಬುಗಟ್ಟಲೆ ಎಣ್ಣೆ ಹೊಯ್ದದ್ದಾಯಿತು. ಅರ್ಧ ಎಣ್ಣೆ ಕದಿರಣ್ಣನ ಬಿಳಿ ಅಂಗಿ ಕುಡಿಯಿತು. ಗುಂಡಿಯನ್ನು ಮತ್ತೆ ಒತ್ತಿ ಕೂರಿಸಿದ್ದೇ ತಡ, ಹಾರ್ನ್ ಹಿಡಿದುಕೊಂಡು ಪೇಂ ಎಂದು ಬಡಿದುಕೊಳ್ಳತೊಡಗಿತು. ಬೀದಿಗೆ ಬೀದಿಯೇ ನೆರೆಯಿತು.

"ಅಯ್ಯೋ, ದಿಷ್ಟಿ ಕಣಪ್ಪ ಇದು!" ಎಂದು ರಾಮಲಿಂಗಯ್ಯನ ಹೆಂಡತಿ ಪದ್ಮಾವತಮ್ಮ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಗಾಡಿಯೊಳಕ್ಕೆ ಹೊಗೆ ಹಿಡಿದಳು. ನೆರೆದವರೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದರು. ಕಣ್ಣು ಉರಿಸಿಕೊಂಡೇ ಕದಿರಣ್ಣ ಹಾರ್ನಿನ ವೈರ್ ಕಿತ್ತೆಸೆದ. ಆಮೇಲೆ ಸ್ಟೇರಿಂಗ್ ತಿರುಗಿಸಿದ. ಕೀಂಯ್ ಹಾಗೇ ಇತ್ತು.

ಕೊನೆಗೆ ಗತಿಯೆಂದರೆ ಮೆಕ್ಯಾನಿಕ್ ಶ್ರೀರಾಮುಲು. ಅವನು ಬಂದದ್ದೇ ಮಧ್ಯಾಹ್ನ ಊಟವಾದ ಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ಊರಿ, ಹಿಡಿಗೆ ಕಿವಿ ಕೊಟ್ಟು, "ತಿಪ್ಪು ಅಣ್ಣಾ, ಇಂಕಾ ತಿಪ್ಪು" ಎಂದು ತೆಲುಗಿನಲ್ಲಿ ಕದಿರಣ್ಣನಿಗೆ ಸ್ಟೇರಿಂಗ್ ತಿರುಗಿಸಲು ಹೇಳುತ್ತಾ ಕೆಳಗೆ ತೂರಿದ.

"ಏಮೀ ಲೇದಣ್ಣಾ, ಏನೂ ಇಲ್ಲ. ಸ್ಟೇರಿಂಗ್ ರಾಡು ನೆಲದ ತಗಡು ದಾಟೋ ತಾವ ರಬ್ಬರು ಒಣಗೋಗದೆ. ರಾಡು ಅದಕ್ಕೆ ಉಜ್ತಾ ಅದೆ. ಹೊಟ್ಟೆನೋವಿಗೆ ತಲೆಗೆ ಎಣ್ಣೆ ಹೊಯ್ದಿದ್ದೀರಲ್ಲ!"

ರಬ್ಬರ್ ಬದಲಾಯಿಸಿ ಗ್ರೀಸ್ ಸವರಿದ. ಸದ್ದು ಅಡಗಿತು. ಹಾರ್ನ್ ಕಥೆ ಕೇಳಿದರೆ "ರೇಪು ಚೂಸ್ತಾ, ನಾಳೆ ಬಾರಣ್ಣ" ಎಂದು ಹೊರಟುಹೋದ.

ದಾರಿಯಲ್ಲಿ ಕದಿರಣ್ಣ ಅವಳಣ್ಣನಿಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದ. ಬಲಕ್ಕೆ ತಿರುಗಿಸಿದ. ಉತ್ತರವಿಲ್ಲ. ಗಾಡಿ ಖಾಲಿ ಮನೆಯ ಹಾಗೆ ಭಣಗುಟ್ಟಿತು, ಅವನಿಗೆ ಅಳು ಬರುವಂತಾಯಿತು. ಹೋಗಲಿ ಬಿಡು, ಇನ್ನು ಮೇಲೆ ಮಾತಾಡಲು ಮನುಷ್ಯರೇ ಇರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡ.

ಕಲ್ಯಾಣದುರ್ಗ ಮುಟ್ಟಿದಾಗ ಇನ್ನೂ ಬೆಳಕಿತ್ತು. ಎಣ್ಣೆ ಅಂಗಿಯಲ್ಲಿ ಎದುರಿಗೆ ಹೋಗುವುದು ಹೇಗೆ? ಗಾಡಿಯನ್ನು ಅಂಗಡಿಯ ಹಿಂದುಗಡೆ ನಿಲ್ಲಿಸಿ, ಅಂಗಿಯನ್ನು ಒಳಹೊರಗು ಮಗುಚಿ ತೊಟ್ಟು, ತಲೆ ಬಾಚಿಕೊಂಡ. ತಟ್ಟಿಗೋಡೆಯ ಒಳಗೆ ಗಂಡಸರ ಧ್ವನಿಗಳು ಕೇಳಿದವು. ಬ್ರಹ್ಮಸಮುದ್ರದ ಬಸ್ಸು ಎಂದೂ ಹೊತ್ತಿಗೆ ಬಂದದ್ದಿಲ್ಲ. ಇವರು ಗಿರಾಕಿಗಳೇ ಇರಬೇಕು. ಗಿರಾಕಿಗಳ ಮುಂದೆ ಹೆಣ್ಣು ಕೇಳುವುದು ಸರಿಯಲ್ಲ, ಎದ್ದುಹೋಗಲಿ ಎಂದು ನಾಚಿ ಅಲ್ಲೇ ನಿಂತ. ನಿಂತೇ ನಿಂತ.

ತಟ್ಟಿಯ ಸಂದಿಯಲ್ಲಿ ದೀಪ ಕಂಡಿತು. ಬೆಚ್ಚಿಬಿದ್ದು ತಟ್ಟೆ ಹಿಡಿದು ಒಳಗೆ ನುಗ್ಗಿದ. ಚಾಪೆಯ ಮೇಲೆ ಕೂತಿದ್ದ ಅಮರೇಶಪ್ಪನ ಕೈಯಲ್ಲಿ ಎಲೆ ಅಡಿಕೆ ಇತ್ತು. ಓಬಮ್ಮನ ಅಣ್ಣನ ಕೈಯಲ್ಲೂ ಇತ್ತು, ಬದಲಾಯಿಸಿ ಮುಗಿದಿತ್ತು.

ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದ ಕದಿರಣ್ಣನನ್ನು ಓಬಮ್ಮ ಬಾಗಿಲ ಪಕ್ಕಕ್ಕೆ ಕರೆದಳು. "ಯಾವಾಗ್ ಬಂದೆ?"

"ಬಾಳ ಹೊತ್ತಾಯ್ತು. ಹಿಂದ್ಗಡೆ ನಿಂತಿದ್ದೆ."

"ಗಾಡಿ ಅರಚ್ಲೇ ಇಲ್ವಲ್ಲ?"

"ರಿಪೇರಿ ಮಾಡಿಸ್ಬುಟ್ಟೆ."

ಓಬಮ್ಮನ ಕಣ್ಣು ತುಂಬಿತು. "ವಾರವಾರ ಬಸ್ ಸ್ಟ್ಯಾಂಡ್ ತಿರುವ್ನಾಗೆ ಅದು ಅರಚ್ತಲೂ ನಿನ್ ದೋಸೆ ಹುಯ್ತಿದ್ದೆ ಕಣಪ್ಪ. ಇವತ್ತೂ ಕಿವಿ ಅಲ್ಲೇ ಇಟ್ಟಿದ್ದೆ. ಬಂದ್ರೆ ಕೇಳಿಸ್ತದೆ ಅಂತ ಏನೇನೋ ನೆಪ ಹೇಳಿ ಅಣ್ಣನ್ನ ತಡೆದೆ. ದೀಪಾನೂ ತಡವಾಗಿ ಹಚ್ಚಿದೆ. ನಿಂಗೆ ಮನಸ್ಸಿಲ್ಲ ಅಂದ್ಕಂಬುಟ್ಟೆ."

"ಯಾರವ್ವ ಅದು?" ಎಂದ ಅಣ್ಣ.

ಓಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಿಂದೂಪುರದ ಗಾಡಿಯೋರು ಅಣ್ಣ."

"ಗಾಡಿ ಅದಾ? ದೇವ್ರು ಬಂದಂಗೆ ಬಂದೆ ಕಣಪ್ಪ! ಇವಳ ಸಾಮಾನೆಲ್ಲ ನಮ್ಮೂರಿಗೆ ಸಾಗಿಸ್ಬೇಕು, ಬಸ್ನಾಗೆ ಹಾಕಿಸ್ಕಳಾಕಿಲ್ಲ ಅಂದ್ರು."

ಕದಿರಣ್ಣನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಯಾವತ್ತೂ ಬಂದ ಬಾಯಲ್ಲ ಅದು. ರುಬ್ಬೋ ಕಲ್ಲನ್ನೂ ದೋಸೆ ಹಂಚನ್ನೂ ತಾನೇ ಹೊತ್ತು ಹಿಂದೆ ಹೇರಿದ. ಅವುಗಳ ಪಕ್ಕದಲ್ಲಿ ಓಬಮ್ಮ ಕೂತಳು. ಮುಂದೆ ಅವನ ಪಕ್ಕದಲ್ಲಿ ಅಣ್ಣನೂ ಅಮರೇಶಪ್ಪನೂ ಕೂತರು.

ಊರು ದಾಟಿದ ಮೇಲೆ ಅಣ್ಣ ಅವನ ಭುಜ ತಟ್ಟಿದ. "ಏನ್ ಗಾಡಿ ಇಟ್ಟಿದ್ದೀಯಪ್ಪಾ! ಇಂಥಾ ರೋಡ್ನಾಗೂ ಒಂದ್ ಚೂರು ಸದ್ದಿಲ್ಲ. ಮದ್ವೆಗೂ ನೀನೇ ಬರ್ಬೇಕು ಕಣಪ್ಪ, ಹೆಣ್ಣು ಗಂಡು ಇದ್ರಾಗೇ ಕೂತ್ಕಂಡು ಹೋಗ್ಲಿ."

"ಆಯ್ತಣ್ಣ, ಬತ್ತೀನಿ" ಎಂದ ಕದಿರಣ್ಣ.