ಬಾತ್ರೂಮು ಇರುವ ಬ್ಯಾಟರಿ ವ್ಯಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಡೀಸೆಲ್ ವ್ಯಾನನ್ನು ಕೊಟ್ಟು, ಒಳಗೇ ಮಂಚ, ಒಲೆ, ಬಾತ್ರೂಮು ಎಲ್ಲ ಇರುವ ಬ್ಯಾಟರಿ ಕ್ಯಾಂಪರ್ ವ್ಯಾನು ತೆಗೆದುಕೊಳ್ಳಲು ಫೋನಿನಲ್ಲಿ ಒಪ್ಪಿಗೆ ಕೊಟ್ಟದ್ದು ವ್ಯಾನಿನ ಮಾಲೀಕರಾದ ಅಪ್ಪನಲ್ಲ, ಅಪ್ಪನ ಧ್ವನಿಯಲ್ಲಿ ನಾನು. ಕಂಡವರ ಧ್ವನಿ ಅನುಕರಿಸಿ ತೆಗೆಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ನಮ್ಮ ಮ್ಯಾನೇಜರು ಉತ್ತರ ಗೊತ್ತಿಲ್ಲದಾಗಲೆಲ್ಲ ಗಂಟಲು ಸರಿಮಾಡಿಕೊಂಡು ‘ಇದನ್ನ ಆಫ್‌ಲೈನ್ ತಗೊಳ್ಳೋಣ’ ಅನ್ನುವುದು, ಎದುರುಮನೆ ಜಯಮ್ಮ ಮಹಡಿಯ ಮೇಲಿಂದಲೇ ಸೊಪ್ಪಿನವನ ಜೊತೆ ಚೌಕಾಸಿ ಮಾಡುವುದು, ಕೊನೆಗೆ ಅಪ್ಪನ ವ್ಯಾನು ಚಳಿಗಾಲದ ಬೆಳಿಗ್ಗೆ ಕೆಮ್ಮಿ, ಕ್ಯಾಕರಿಸಿ, ಬಾಗಲಗುಂಟೆಯ ಅರ್ಧ ಬೀದಿಯನ್ನು ಎಬ್ಬಿಸಿ ಸ್ಟಾರ್ಟ್ ಆಗುವುದು, ಎಲ್ಲವೂ ನನಗೆ ಬರುತ್ತದೆ. ನಿನ್ನ ಸ್ವಂತ ಧ್ವನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಈ ವ್ಯಾನಿನ ಹುಚ್ಚು ಹತ್ತಿದ್ದು ರಿಂಗ್ ರೋಡಿನಲ್ಲಿ. ನನಗೆ ಕೆಲಸ ಬೆಳ್ಳಂದೂರಿನಲ್ಲಿ, ಮನೆ ಬಾಗಲಗುಂಟೆಯಲ್ಲಿ. ಎರಡರ ನಡುವೆ ಇಡೀ ಬೆಂಗಳೂರು ಬ್ರೇಕ್ ಒತ್ತಿಕೊಂಡು ಕೂತಿರುತ್ತದೆ. ಒಂದು ಕಡೆ ಸುಮ್ಮನೆ ಕೂರುವ ಕಲೆ ನನಗೆ ಒಲಿದಿಲ್ಲ. ಸಿನಿಮಾದಲ್ಲೂ ಇಂಟರ್ವಲ್ಲಿಗೆ ಮೊದಲೇ ಎರಡು ಸಲ ಎದ್ದು ಹೋಗುವವನು ನಾನು. ಅಂಥವನನ್ನು ಆಫೀಸಿನ ಕ್ಯಾಬ್ ಕಾರಿನ ಹಿಂದಿನ ಸೀಟಿನಲ್ಲಿ ತುರುಕಿದರೆ ಕಾಲು ತನ್ನಷ್ಟಕ್ಕೆ ಕುಣಿಯುತ್ತದೆ, ಕಣ್ಣು ಅಕ್ಕಪಕ್ಕದ ಕಾರುಗಳೊಳಗೆ ಇಣುಕುತ್ತದೆ. ಹಾಗೆ ಇಣುಕಿದಾಗ ತಿಳಿದದ್ದು: ಜನ ಆಗಲೇ ಗಾಡಿಯಲ್ಲಿ ಸಂಸಾರ ಮಾಡುತ್ತಿದ್ದಾರೆ. ಒಬ್ಬ ಕನ್ನಡಿ ಬಗ್ಗಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಒಬ್ಬಾಕೆ ಸ್ಟೀರಿಂಗಿನ ಮೇಲೆ ಡಬ್ಬಿ ಇಟ್ಟುಕೊಂಡು ಅವಲಕ್ಕಿ ತಿನ್ನುತ್ತಿದ್ದಳು. ಮತ್ತೊಬ್ಬ ಹೆಂಡತಿಯ ಜೊತೆ ಜಗಳ ಶುರುಮಾಡಿ, ಸಿಗ್ನಲ್ ಬಿಡುವುದರೊಳಗೆ ರಾಜಿಯೂ ಆಗಿಬಿಟ್ಟ. ಹೇಗೂ ಗಾಡಿಯಲ್ಲೇ ಬದುಕುವುದಾದರೆ ಮಂಚ ಇರುವ ಗಾಡಿಯಲ್ಲೇ ಬದುಕಬಾರದೇಕೆ? ಅದೂ ಬ್ಯಾಟರಿಯದಾದರೆ ಹೊಗೆಯಿಲ್ಲ, ಸದ್ದಿಲ್ಲ. ನಿಂತಾಗ ಡೀಸೆಲ್ ಕುಡಿಯುವುದಿಲ್ಲ. ನಮ್ಮ ಊರಿನಲ್ಲಿ ಗಾಡಿಗಳು ಮುಖ್ಯವಾಗಿ ಮಾಡುವ ಕೆಲಸ ನಿಲ್ಲುವುದೇ ಅಲ್ಲವೇ?

ಆದರೆ ಇಷ್ಟಕ್ಕೇ ಆಗಿದ್ದರೆ ನಾನು ಕ್ಯಾಬಿನಲ್ಲಿ ಕಾಲು ಕುಣಿಸಿಕೊಂಡೇ ಇರುತ್ತಿದ್ದೆ. ವಿಷಯ ಅಮ್ಮನದು. ನಮ್ಮ ಚಿಕ್ಕಮ್ಮ ಇರುವುದು ಹೊನ್ನಾವರದಲ್ಲಿ. ತನ್ನ ಈ ತಂಗಿಯ ಮದುವೆ ಆದಾಗಿನಿಂದ ಅಮ್ಮ ಅವಳ ಮನೆಗೆ ಹೋಗಿಲ್ಲ. ಪ್ರತಿ ವರ್ಷವೂ ‘ಈ ಸಲ ಖಂಡಿತ’ ಎಂದು ಫೋನಿನಲ್ಲಿ ಹೇಳುತ್ತಾಳೆ, ಚಕ್ಕುಲಿ ಮಾಡಿ ಬೇರೆ ಯಾರದೋ ಕೈಲಿ ಕಳಿಸುತ್ತಾಳೆ. ಕಾರಣ ಯಾರಿಗೂ ಹೇಳುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಹೆಂಗಸರು ಕಾಲಿಡುವಂಥ ಬಾತ್ರೂಮು ಸಿಗುವುದಿಲ್ಲ. ತುಮಕೂರಿನ ಮದುವೆಗೆ ಹೋಗಬೇಕಾದರೂ ಅಮ್ಮ ಹಿಂದಿನ ಸಂಜೆಯಿಂದಲೇ ನೀರು ಬಿಟ್ಟುಬಿಡುತ್ತಾಳೆ. ಬಾಯಿ ಒಣಗಿಸಿಕೊಂಡು ಮದುವೆಮನೆಯಲ್ಲಿ ನಗುತ್ತಾ ಕೂರುತ್ತಾಳೆ. ಅಪ್ಪ ತನ್ನ ವ್ಯಾನಿನಲ್ಲಿ ಇಡೀ ಬೀದಿಯನ್ನು ಅವರವರ ಮನೆದೇವರಿಗೆ ಕರೆದುಕೊಂಡು ಹೋಗಿ ಬರುತ್ತಾರೆ, ಅಮ್ಮ ಮಾತ್ರ ಗೇಟಿನ ಹತ್ತಿರ ನಿಂತು ಪುಳಿಯೋಗರೆ ಡಬ್ಬಿ ಕೊಟ್ಟು ಕೈ ಬೀಸುತ್ತಾಳೆ. ಮೊಬೈಲಿನಲ್ಲಿ ನಾನು ಕ್ಯಾಂಪರ್ ವ್ಯಾನಿನ ವಿಡಿಯೋ ತೋರಿಸಿದಾಗ ಅವಳು ಮಂಚ ನೋಡಲಿಲ್ಲ, ಒಲೆ ನೋಡಲಿಲ್ಲ. “ಆ ಸಣ್ಣ ಬಾಗಿಲು ತೆಗೆದು ತೋರಿಸ್ತಾರೇನೋ ನೋಡು” ಅಂದಳು. ತೆಗೆದು ತೋರಿಸಿದರು. ಅಮ್ಮ ವಿಡಿಯೋದಲ್ಲಿ ಬಾತ್ರೂಮು ಬರುವ ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದಳು.

ಕುಂದಲಹಳ್ಳಿಯ ಒಂದು ಗಲ್ಲಿಯಲ್ಲಿ ಇಂಥ ವ್ಯಾನು ಮಾಡುವ ಸಣ್ಣ ಕಂಪನಿಯಿತ್ತು. ಅಲ್ಲಿನ ಮಾರಾಟದ ಹುಡುಗ ನಿಖಿಲ್, ನನ್ನದೇ ವಯಸ್ಸು. “ಸಾರ್, ಇದು ವೆಹಿಕಲ್ ಅಲ್ಲ ಸಾರ್, ಲೈಫ್‌ಸ್ಟೈಲ್” ಅಂದ. ನನಗೆ ಬಹಳ ಹಿಡಿಸಿದ. ಅವನ ಧ್ವನಿ ತೆಗೆಯುವುದು ಎಷ್ಟು ಸುಲಭ ಎಂದು ಆಗಲೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹಳೆಯ ವ್ಯಾನನ್ನು ಎಕ್ಸ್‌ಚೇಂಜಿಗೆ ಕೊಡುವುದಾದರೆ ಶನಿವಾರ ಭಾನುವಾರ ಹೊಸದನ್ನು ಓಡಿಸಿ ನೋಡಬಹುದು, ಸೋಮವಾರ ಬಂದು ಹಳೆಯದನ್ನು ಒಯ್ಯುತ್ತೇವೆ, ಮಾಲೀಕರು ಒಂದು ಮಾತು ಹೇಳಿದರೆ ಸಾಕು ಅಂದ. ಮಾಲೀಕರನ್ನು ಕೇಳಿದರೆ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ನಿಂತು ರಿಟೈರ್ ಆದ ಮನುಷ್ಯ. ಸದ್ದು ಮಾಡದ ಯಂತ್ರ ಅವರ ಪ್ರಕಾರ ಕೆಟ್ಟಿದೆ ಎಂದೇ ಅರ್ಥ. ಹಾಗಾಗಿ ಕಂಪನಿಯ ಗೇಟಿನಾಚೆ ಬಂದು, ಮೂಗಿನಲ್ಲಿ ಸ್ವಲ್ಪ ಉಸಿರು ಬಿಟ್ಟು, “ಹೂಂ ಕಣಪ್ಪಾ, ಹುಡುಗ ಹೇಳಿದಾನೆ. ತಗೊಂಡೋಗಿ, ನಂದೇನೂ ತಕರಾರಿಲ್ಲ” ಎಂದು ನನ್ನ ಇನ್ನೊಂದು ನಂಬರಿನಿಂದ ನಿಖಿಲನಿಗೆ ಫೋನು ಮಾಡಿದೆ. ನಿಖಿಲ್ “ಥ್ಯಾಂಕ್ಯೂ ಅಂಕಲ್” ಅಂದ. ಮನೆಗೆ ಬಂದು ಅಪ್ಪನಿಗೆ, “ಎರಡು ದಿನ ಸುಮ್ಮನೆ ಓಡಿಸಿ ನೋಡಕ್ಕೆ ಕೊಡ್ತಾರಂತೆ, ಶನಿವಾರ ಅಮ್ಮನ್ನ ಹೊನ್ನಾವರಕ್ಕೆ ಕರ್ಕೊಂಡೋಗೋಣ” ಎಂದಷ್ಟೇ ಹೇಳಿದೆ. ಎರಡು ದಿನದಲ್ಲಿ ಅಪ್ಪ ಆ ವ್ಯಾನಿಗೆ ಮನಸೋತುಬಿಡುತ್ತಾರೆ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಶುಕ್ರವಾರ ಸಂಜೆ ವ್ಯಾನು ಬಂತು. ಕುಂದಲಹಳ್ಳಿಯಿಂದ ಬರುವಷ್ಟರಲ್ಲಿ ಚಾರ್ಜು ಅರ್ಧಕ್ಕಿಳಿದಿತ್ತು. ಬೆಳಗಾಗುವುದರೊಳಗೆ ತುಂಬುತ್ತದೆ ಎಂದು ಗೀಸರಿನ ಪ್ಲಗ್ಗು ಕಿತ್ತು, ಅಲ್ಲಿಂದ ವೈರು ಎಳೆದು, ಬಾತ್ರೂಮಿನ ಕಿಟಕಿಯಿಂದ ಆಚೆ ತಂದು ವ್ಯಾನಿಗೆ ಚುಚ್ಚಿದೆ. ಒಂದು ವಿಷಯ ಮರೆತಿದ್ದೆ. ಅಪ್ಪ ಮಲಗುವ ಮುಂಚೆ ಇಡೀ ಮನೆ ಸುತ್ತಿ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ. ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದಾಗ ಮಾಡುತ್ತಿದ್ದ ಸುತ್ತು, ರಿಟೈರ್ ಆದಮೇಲೆ ಮನೆಗೆ ವರ್ಗವಾಗಿದೆ. ಟಿವಿ, ಮಿಕ್ಸಿ, ಅಕ್ವೇರಿಯಮ್ಮಿನ ಮೀನಿಗೆ ಗಾಳಿ ಕೊಡುವ ಮೋಟಾರು, ಯಾವುದಕ್ಕೂ ರಿಯಾಯಿತಿ ಇಲ್ಲ. ಗೀಸರಿಗಂತೂ ಮೊದಲ ಮರ್ಯಾದೆ.

ಶನಿವಾರ ಬೆಳಿಗ್ಗೆ ನಾನು ಚಾರ್ಜು ನೋಡಲೇ ಇಲ್ಲ. ನೋಡಲು ಬಿಡುವಿರಲಿಲ್ಲ, ಪೂಜೆ ನಡೆಯುತ್ತಿತ್ತು. ಎರಡೇ ದಿನದ ಗಾಡಿಯಾದರೂ ಪೂಜೆಯಿಲ್ಲದೆ ಅಪ್ಪ ಚಕ್ರ ಉರುಳಿಸುವವರಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುಂದೆ, ಹಿಂದೆ, ಕೆಳಗೆ ಎಲ್ಲ ಬಗ್ಗಿ ನೋಡಿ, “ಇಂಜಿನ್ ಎಲ್ಲೋ?” ಅಂದರು.

“ಇಲ್ಲಪ್ಪಾ, ಇದಕ್ಕೆ ಮೋಟಾರು. ತಳದಲ್ಲಿದೆ.”

“ಮತ್ತೆ ಕುಂಕುಮ ಯಾವುದಕ್ಕೆ ಇಡಲಿ, ನಿನ್ನ ಹಣೆಗಾ?”

ಕೊನೆಗೆ ಚಾರ್ಜ್ ಮಾಡುವ ತೂತಿನ ಮುಚ್ಚಳಕ್ಕೆ ಇಟ್ಟರು. ಮುಂದೆ ಕುಂಬಳಕಾಯಿ ಇಟ್ಟ ಕೂಡಲೇ ವ್ಯಾನು ಎದುರಿಗೆ ಅಡ್ಡಿಯಿದೆ ಎಂದು ಕಿರುಚತೊಡಗಿತು, ಒಡೆಯುವವರೆಗೂ ಸುಮ್ಮನಾಗಲಿಲ್ಲ. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಒಳಗೆ ಹತ್ತಿದ್ದರು. ಜಯಮ್ಮನದು ಈ ಊರಿನ ಮೂಲದ ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆ ಬೆಳೆದಿದ್ದಾರೆ. ಅವರು ಮಂಚದ ಮೇಲೆ ಕೂತು ಸುತ್ತಲೂ ನೋಡಿ, “ಇದೇನ್ ಕಣಮ್ಮಿ, ಮನೆಗೆ ಚಕ್ರ ಹಾಕವ್ರೆ. ಇಂಗೆ ಕಟ್ಟಿ ಬಾಡಿಗೆಗೆ ಬುಟ್ರೆ, ತಿಂಗಳ ಕೊನೇಲಿ ಬಾಡಿಗೆದಾರ ಮನೆ ಸಮೇತ ಓಡೋಯ್ತಾನೆ” ಅಂದರು. ನನಗೆ ಜನ ಸೇರಿದರೆ ಸಾಕು. ನಿಖಿಲನ ಧ್ವನಿಯಲ್ಲಿ “ಇದು ವೆಹಿಕಲ್ ಅಲ್ಲ ಮೇಡಂ, ಲೈಫ್‌ಸ್ಟೈಲ್” ಎಂದು ಎಸಿ ಹಾಕಿದೆ, ಲೈಟು ಹಾಕಿದೆ, ಮಂಚ ಮಡಿಸಿ ಬಿಚ್ಚಿ ತೋರಿಸಿದೆ. ಅಮ್ಮ ಹೊಸ ಕರೆಂಟ್ ಒಲೆಯ ಮೇಲೆ ಬಂದವರಿಗೆಲ್ಲ ಕಾಫಿ ಮಾಡಿದಳು, ಕಾಫಿಯ ಹಿಂದೆಯೇ ಉಪ್ಪಿಟ್ಟೂ ಬಂತು. ಎಲ್ಲರೂ ಇಳಿದುಹೋದ ಮೇಲೆ ಅಮ್ಮ ಆ ಸಣ್ಣ ಬಾಗಿಲು ತೆಗೆದು ಒಳಗೆ ಹೋದಳು, ನಲ್ಲಿ ತಿರುಗಿಸಿದಳು, ಚಿಲಕ ಹಾಕಿ ತೆಗೆದಳು. ಹೊರಗೆ ಬಂದವಳು ಒಂದು ದೊಡ್ಡ ಚೊಂಬು ನೀರು ತರಿಸಿಕೊಂಡು ನಿಂತಲ್ಲೇ ಗಟಗಟ ಕುಡಿದಳು. ಪ್ರಯಾಣದ ದಿನ ಅಮ್ಮ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನೂ ನೋಡಿದರು. ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು.

ಚಾರ್ಜಿನ ಸಂಗತಿ ಗೊತ್ತಾದದ್ದು ತುಮಕೂರು ರಸ್ತೆ ಹತ್ತಿದ ಮೇಲೆ. ಪರದೆಯಲ್ಲಿ ಕಾಣುತ್ತಿದ್ದ ಚಾರ್ಜಿನ ಪಟ್ಟಿ ತುಂಬಿರಬೇಕಾದ ಕಡೆ ತಳ ಮುಟ್ಟುತ್ತಿತ್ತು. “ಅಪ್ಪಾ, ರಾತ್ರಿ ಗೀಸರ್ ಸ್ವಿಚ್ಚು...” ಎಂದೆ. ಅಪ್ಪ ರಸ್ತೆಯನ್ನೇ ನೋಡುತ್ತಾ, “ಗೀಸರ್ ಸ್ವಿಚ್ಚು ಆಫ್ ಮಾಡ್ದೆ. ಮನೇಲಿ ಯಾರೂ ಸ್ನಾನ ಮಾಡ್ತಿರ್ಲಿಲ್ಲವಲ್ಲ” ಅಂದರು. ಬ್ಯಾಟರಿ ಕ್ಯಾಂಪರ್ ವ್ಯಾನಿನ ತೊಂದರೆ ನನಗೆ ಅರ್ಥವಾದದ್ದು ಆಗ. ಅದಕ್ಕೆ ಓಡುವುದಕ್ಕೂ ಅಡುಗೆಗೂ ಒಂದೇ ಹೊಟ್ಟೆ. ಡೀಸೆಲ್ ಗಾಡಿಯಲ್ಲಿ ಎಷ್ಟು ಕಾಫಿ ಕಾಯಿಸಿದರೂ ಗ್ಯಾಸ್ ಸಿಲಿಂಡರು ಖಾಲಿಯಾಗಬಹುದೇ ಹೊರತು ಚಕ್ರ ನಿಲ್ಲುವುದಿಲ್ಲ. ಇಲ್ಲಿ ಜಯಮ್ಮ ಕುಡಿದ ಎರಡನೆಯ ಲೋಟ ಕಾಫಿ ನೆಲಮಂಗಲದಲ್ಲಿ ನಮಗೆ ಕಡಿಮೆ ಬೀಳುತ್ತದೆ. ತುಮಕೂರಿನವರೆಗೆ ನಿಲ್ಲದೆ ಹೋಗುವುದೆಂದಿದ್ದವರು ದಾಬಸ್‌ಪೇಟೆಯ ಹತ್ತಿರ ಚಾರ್ಜಿಂಗ್ ಬೋರ್ಡು ಕಂಡ ಕೂಡಲೇ ಒಳಗೆ ತಿರುಗಿದೆವು. ಇದ್ದದ್ದು ಎರಡು ಯಂತ್ರ. ಕೆಟ್ಟುಹೋದ ಒಂದಕ್ಕೆ ಗೋಣಿಚೀಲ ಹೊದಿಸಿದ್ದರು. ಇನ್ನೊಂದಕ್ಕೆ ಒಂದು ಟ್ಯಾಕ್ಸಿ ಚುಚ್ಚಿಕೊಂಡು ನಿಂತಿತ್ತು, ಡ್ರೈವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

ಕಾಯಬೇಕು. ನನಗೆ ಬಾರದ ವಿದ್ಯೆ ಅದೊಂದೇ. ಟ್ಯಾಕ್ಸಿಯ ಸುತ್ತ ಪ್ರದಕ್ಷಿಣೆ ಹಾಕಿದೆ, ಗೋಣಿಚೀಲ ಎತ್ತಿ ನೋಡಿದೆ, ಡ್ರೈವರಿನ ಗೊರಕೆ ಕಲಿತುಕೊಂಡೆ. ಅಪ್ಪ ಪ್ರತಿ ಗಳಿಗೆಗೂ “ನಮ್ಮ ವ್ಯಾನಾಗಿದ್ರೆ ಇಷ್ಟೊತ್ತಿಗೆ ಶಿರಾ ದಾಟ್ತಿದ್ವಿ” ಅನ್ನುತ್ತಿದ್ದರು. ನಮ್ಮ ದಾರಿಯಲ್ಲಿ ಶಿರಾ ಬರುವುದೇ ಇಲ್ಲ. ಅಮ್ಮ ಒಬ್ಬಳೇ ನೆಮ್ಮದಿಯಾಗಿದ್ದಳು. ಚಿಕ್ಕಮ್ಮನಿಗೆ ಫೋನು ಮಾಡಿ, “ಹೊರಟ್ಬಿಟ್ಟಿದೀನಿ ಕಣೇ, ನೀರೂ ಕುಡ್ದಿದೀನಿ” ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಸಣ್ಣ ಬಾಗಿಲಿನೊಳಗೆ ಹೋದಳು. ನಾನೇನು ಮಾಡುತ್ತಿದ್ದೆ? ಸುಮ್ಮನಿರಲಾರದೆ ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತುತ್ತಿದ್ದೆ. ‘ಉಳಿತಾಯ’ ಎಂಬ ಹಸಿರು ಗುಂಡಿ ಕಂಡಿತು. ಒತ್ತಿದೆ. ಎಸಿ ನಿಂತಿತು, ಫ್ರಿಜ್ಜು ನಿಂತಿತು, ಪಟ್ಟಿ ಇಳಿಯುವುದೂ ನಿಂತಿತು. ಅನಗತ್ಯವಾದ ಎಲ್ಲವನ್ನೂ ಆರಿಸಲಾಗಿದೆ ಎಂದು ಪರದೆ ನನ್ನನ್ನು ಅಭಿನಂದಿಸಿತು.

ಒಳಗಿನಿಂದ ಅಮ್ಮನ ಧ್ವನಿ ಬಂತು. “ಚಂದ್ರೂ, ಲೈಟ್ ಹೋಯ್ತು. ನೀರೂ ನಿಂತೋಯ್ತು.”

ಆ ವ್ಯಾನು ಮಾಡಿದ ಗಂಡಸರ ಪಟ್ಟಿಯಲ್ಲಿ ಬಾತ್ರೂಮಿನ ದೀಪ, ನೀರಿನ ಪಂಪು ಎರಡೂ ಅನಗತ್ಯಗಳು. ಗುಂಡಿಯನ್ನು ಮತ್ತೆ ಒತ್ತಿದರೆ, ಚಾರ್ಜು ಕಡಿಮೆ ಇರುವುದರಿಂದ ಆನ್ ಮಾಡಲಾಗದು ಎಂದು ಪರದೆ ತಿಳಿಸಿತು. ಅಪ್ಪ ನನ್ನ ಮುಖ ನೋಡಿದರು, ಹೋಗಿ ಟ್ಯಾಕ್ಸಿ ಡ್ರೈವರನ್ನು ಎಬ್ಬಿಸಿ ಅವನ ಕ್ಯಾನಿನಿಂದ ಬಕೆಟ್ಟಿಗೆ ನೀರು ಬಗ್ಗಿಸಿಕೊಂಡು ತಂದರು. ಬಾಗಿಲು ಒಂದು ಕೈ ಹಿಡಿಸುವಷ್ಟು ತೆರೆಯಿತು, ಬಕೆಟ್ಟು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅಮ್ಮ ಹೊರಗೆ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ನೀರು ಕುಡಿದಾಗ ಇದ್ದ ಮುಖವೂ ಇರಲಿಲ್ಲ. ಚಿಕ್ಕಮ್ಮನಿಗೆ ಫೋನು ಮಾಡಲು ಮೊಬೈಲು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ನಾನು ಯಾರದಾದರೂ ಧ್ವನಿಯಲ್ಲಿ ಏನಾದರೂ ಹೇಳಿ ನಗಿಸೋಣವೆಂದುಕೊಂಡೆ. ಯಾರ ಧ್ವನಿಯೂ ಬರಲಿಲ್ಲ.

ಮುಂದೇನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆವತ್ತು ನಾವು ಅಲ್ಲಿಂದಲೇ ವಾಪಸ್ ಬಂದೆವು. ಅಮ್ಮ ಹೊನ್ನಾವರಕ್ಕೆ ಹೋದದ್ದು ದೀಪಾವಳಿಗೆ, ಅಪ್ಪನ ಡೀಸೆಲ್ ವ್ಯಾನಿನಲ್ಲೇ. ಅದರ ಹಿಂದಿನ ಸೀಟು ಕಿತ್ತು, ಅಲ್ಲಿ ಚಿಲಕವಿರುವ ಒಂದು ಸಣ್ಣ ಬಾಗಿಲು ಕೂರಿಸಲಾಗಿತ್ತು. ದಾರಿಯುದ್ದಕ್ಕೂ ಎಳನೀರು, ಕಬ್ಬಿನ ಹಾಲು, ಮಜ್ಜಿಗೆ, ಏನು ಕಂಡರೂ ಬಿಡದೆ ನಿಲ್ಲಿಸಿ ಕುಡಿದಳು. ಬ್ಯಾಟರಿ ವ್ಯಾನು ಕೆಟ್ಟದೆಂದು ಈಗಲೂ ನಾನು ಹೇಳುವುದಿಲ್ಲ. ಊರಿಗೊಂದು ಗೋಣಿಚೀಲ ಹೊದಿಸದ ಯಂತ್ರ ಬಂದ ದಿನ, ಅಪ್ಪ ಒಂದು ರಾತ್ರಿ ಸ್ವಿಚ್ಚು ಮುಟ್ಟದೆ ಮಲಗಿದ ದಿನ ಮತ್ತೆ ಯೋಚಿಸಬಹುದು.

ಆ ಬಾಗಿಲು ನಮ್ಮ ವ್ಯಾನಿಗೆ ಬಂದದ್ದು ಹೀಗೆ. ದಾಬಸ್‌ಪೇಟೆಯಲ್ಲಿ ನಮ್ಮ ಸರದಿ ಬಂದು ವ್ಯಾನು ಚಾರ್ಜಿಗೆ ನಿಂತಿದ್ದಾಗ ನಿಖಿಲ್ ಹಳೆಯ ವ್ಯಾನಿನ ಕಾಗದಪತ್ರದಲ್ಲಿ ಕಂಡ ಅಪ್ಪನ ನಂಬರಿಗೇ ಫೋನು ಮಾಡಿದ. ಅಪ್ಪ ಯಾವತ್ತೂ ಸ್ಪೀಕರ್ ಹಾಕಿಯೇ ಮಾತಾಡುವವರು. “ಅಂಕಲ್, ಹೆಂಗಿದೆ ನಮ್ಮ ವ್ಯಾನು? ಸೋಮವಾರ ನಿಮ್ಮ ಹಳೇ ಗಾಡಿ ತಗೊಂಡೋಗಕ್ಕೆ ಹುಡುಗರನ್ನ ಕಳಿಸ್ತೀನಿ. ಮೊನ್ನೆ ನೀವೇ ಫೋನಲ್ಲಿ ಒಪ್ಪಿದ್ರಲ್ಲ, ತಕರಾರಿಲ್ಲ ಅಂತ.”

ಅಪ್ಪ ಮೂಗಿನಲ್ಲಿ ಉಸಿರು ಬಿಟ್ಟರು, ಥೇಟ್ ನಾನು ಬಿಟ್ಟ ಹಾಗೆಯೇ. ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗೋಣಿಚೀಲ ಹೊದ್ದ ಯಂತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವರ ಕೈಯಿಂದ ಫೋನು ತೆಗೆದುಕೊಂಡಳು. “ನೋಡಪ್ಪಾ, ಒಪ್ಪಿದ್ದು ಅವರಲ್ಲ, ನನ್ನ ಮಗ. ವ್ಯಾನು ನೀವೇ ಇಟ್ಕೊಳ್ಳಿ, ಆ ಬಾತ್ರೂಮ್ ಒಂದು ನಮ್ಮ ಹಳೇ ಗಾಡಿಗೆ ಹಾಕ್ಕೊಡಿ. ಎಕ್ಸ್‌ಚೇಂಜಿಗೆ ಇವನನ್ನೇ ಕಳಿಸ್ತೀನಿ. ಡೀಸೆಲ್ ಬೇಡ, ಚಾರ್ಜೂ ಬೇಡ, ಒಂದ್ಕಡೆ ನಿಲ್ಲೋದೂ ಇಲ್ಲ. ಆಫ್ ಮಾಡೋ ಸ್ವಿಚ್ಚು ಮಾತ್ರ ಇವನಪ್ಪಂಗೂ ಇನ್ನೂ ಸಿಕ್ಕಿಲ್ಲ.”