ಕೆಂಪು ಒತ್ತಿದರೆ ಹಸಿರು ಉರಿದ ಬಗ್ಗೆ

ಇಂದ,
ದೀಪದವನು (ಅಂಗಡಿ, ಹಾಲ್, ಮನೆಗಳಿಗೆ ಎಲ್‌ಇಡಿ ದೀಪ ಕೂರಿಸುವ ಕೆಲಸ),
ತಮ್ಮ ಮನೆಯ ಎದುರಿನ ಬೇಕರಿಯ ಮೇಲಿನ ಕೋಣೆ.

ಗೆ,
ನಿವೃತ್ತ ಹೆಡ್ ಕ್ಲರ್ಕ್ ಸಾಹೇಬರು,
ಮೊದಲ ಮಹಡಿ, ಬಾಲ್ಕನಿಗೆ ಬಣ್ಣದ ದೀಪವಿರುವ ಮನೆ.

ವಿಷಯ: ತಮ್ಮ ಬಾಲ್ಕನಿ ದೀಪದ ಕಂಟ್ರೋಲರ್‌ನಲ್ಲಿ ಔಟ್‌ಪುಟ್ ಸೆಟ್ಟಿಂಗ್ ತಪ್ಪಾಗಿದ್ದುದು, ತತ್ಪರಿಣಾಮವಾಗಿ ಅರ್ಜಿದಾರನು ತಮ್ಮನ್ನೇ ತಮ್ಮ ಮಗಳೆಂದು ತಿಳಿದು ಮಾತನಾಡಿಸಿದ್ದು, ಹಾಗೂ ಸದರಿ ಮಗಳನ್ನು ಮದುವೆ ಮಾಡಿಕೊಡಲು ಕೋರಿ.

ಉಲ್ಲೇಖ: 1. ತಾವು ಬೆಡ್‌ಶೀಟಿನ ಒಳಗಿನಿಂದ ನೀಡಿದ ಮೌಖಿಕ ಆದೇಶ: “ಏನಿದ್ರೂ ಬರೆದು ಕೊಡು.”
2. ಅದೇ ಬೆಡ್‌ಶೀಟಿನ ಒಳಗಿನಿಂದ ತರುವಾಯ ಬಂದ ತಿದ್ದುಪಡಿ: “ಅಕ್ಷರ ನೆಟ್ಟಗಿರಲಿ.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿದಾರನು ಈವರೆಗೆ ಬರೆದಿರುವ ಅತಿ ಉದ್ದದ ಬರಹವೆಂದರೆ “ಕೆಲಸ ನಡೆಯುತ್ತಿದೆ, ಮೇನ್ ಸ್ವಿಚ್ ಮುಟ್ಟಬೇಡಿ” ಎಂಬುದು. ಕಾರಣ, ಈ ಅರ್ಜಿಯಲ್ಲಿ ಕಚೇರಿ ಭಾಷೆ ಅಲ್ಲಲ್ಲಿ ಕೈಕೊಟ್ಟಿದ್ದರೆ ದೊಡ್ಡ ಮನಸ್ಸು ಮಾಡಿ ಮುಂದಕ್ಕೆ ಓದಬೇಕು.

1. ಅರ್ಜಿದಾರನ ಕಸುಬಿಗೆ ಬಣ್ಣ ಸರಿಯಾಗಿ ಕಾಣಬೇಕಾದದ್ದು ಕಡ್ಡಾಯ. ಆದ್ದರಿಂದ ಅವನು ಕಣ್ಣು ಪರೀಕ್ಷೆಗೆಂದು ಕನ್ನಡಕದ ಅಂಗಡಿಗೆ ಹೋದನು. ಅಲ್ಲಿ ಪರೀಕ್ಷೆ ಮಾಡಿದವರು ತಮ್ಮ ಮಗಳು. ಚುಕ್ಕಿಗಳ ಪುಸ್ತಕ ತೆರೆದು “ಇದರಲ್ಲಿ ಯಾವ ನಂಬರ್ ಕಾಣ್ತಿದೆ?” ಎಂದು ಕೇಳಿದರು. ಅರ್ಜಿದಾರನಿಗೆ ನಂಬರು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹೇಳಿಬಿಟ್ಟರೆ ಪರೀಕ್ಷೆ ಮುಗಿದುಹೋಗುತ್ತದಲ್ಲ ಎಂದು “ಸ್ವಲ್ಪ ಯೋಚನೆ ಮಾಡ್ಬೇಕು” ಎಂದನು. ಅಂಗಡಿ ಮುಚ್ಚುವವರೆಗೂ ಯೋಚನೆ ಮಾಡಿದನು. ಪರಿಚಯವು ಹೀಗೆ ಆರಂಭವಾಯಿತು.

2. ಫೋನ್ ಇರುವಾಗ ದೀಪ ಏಕೆ ಬೇಕಾಯಿತು ಎಂದು ತಾವು ಕೇಳಬಹುದು. ಮಗಳ ಫೋನಿಗೆ ಯಾವುದೇ ಮೆಸೇಜ್ ಬಂದರೂ ತಾವು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿ ಹೇಳುವ ವಾಡಿಕೆ ಇರುತ್ತದೆ. ಅರ್ಜಿದಾರನು ಒಮ್ಮೆ “ಚಿನ್ನ” ಎಂದಷ್ಟೇ ಕಳುಹಿಸಿದ್ದನ್ನು ತಾವು ಓದಿದಾಗ, ತಮ್ಮ ಮಗಳು ಅದು ಒಡವೆ ಅಂಗಡಿಯ ಜಾಹೀರಾತು ಎಂದು ಹೇಳಿ ಪಾರಾದರು. ಅಂದಿನಿಂದ ತಾವು ಪ್ರತಿ ಬೆಳಿಗ್ಗೆ “ಇವತ್ತು ಚಿನ್ನ ಏನಂತೆ?” ಎಂದು ಕೇಳತೊಡಗಿದ್ದರಿಂದ, ಸದರಿ ಮಾರ್ಗವನ್ನು ಕೈಬಿಡಲಾಯಿತು.

3. ಆದ್ದರಿಂದ ತಮ್ಮ ಬಾಲ್ಕನಿಯ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕುವುದೆಂದು ಉಭಯತ್ರರು ತೀರ್ಮಾನಿಸಿದರು. ಮನೆಗೊಂದು ಕಳೆ ಬರುತ್ತದೆ ಎಂದು ತಮ್ಮ ಮಗಳು ತಮಗೆ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ಏನೆಂದರೆ: ರಿಮೋಟಿನಲ್ಲಿ ಹಸಿರು ಒತ್ತಿದರೆ “ಅಪ್ಪ ವಾಕಿಂಗ್ ಹೋದರು, ಬಾ”. ಕೆಂಪು ಒತ್ತಿದರೆ “ಅಪ್ಪ ಮನೇಲಿದಾರೆ, ಬರಬೇಡ”. ಬಂದು ಮಾಡುತ್ತಿದ್ದುದಾದರೂ ಏನು ಎಂದರೆ, ಅಡುಗೆಮನೆಯ ಕಟ್ಟೆಗೆ ಒರಗಿ ಟೀ ಕುಡಿಯುವುದು, ಮಾತನಾಡುವುದು, ಲೋಟ ತೊಳೆದಿಟ್ಟು ಹೋಗುವುದು. ಲೋಟ ತೊಳೆಯುತ್ತಿದ್ದವನು ಅರ್ಜಿದಾರ.

4. ಇನ್ನು ತಾಂತ್ರಿಕ ಅಂಶ. ಕಂಟ್ರೋಲರ್ ಎಂಬುದು ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದರ ಸೆಟ್ಟಿಂಗ್‌ಗಳನ್ನು ಫೋನಿನಲ್ಲಿ ತೆರೆದು ತುಂಬಬೇಕು. ಪಟ್ಟಿಯಲ್ಲಿ ಎಷ್ಟು ದೀಪಗಳಿವೆ, ಎಷ್ಟು ಕರೆಂಟು ಕೊಡಬಹುದು, ಬಣ್ಣದ ಸಂಕೇತವನ್ನು ಯಾವ ತಂತಿಯಿಂದ ಹೊರಗೆ ಕಳುಹಿಸಬೇಕು, ಇವೆಲ್ಲವನ್ನೂ ಅರ್ಜಿದಾರನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತುಂಬಿದನು. ಅದರ ಕೆಳಗೆ “ಬಣ್ಣದ ಕ್ರಮ” ಎಂದು ಇನ್ನೊಂದು ಸಾಲು ಇರುತ್ತದೆ. ಕೆಲವು ಪಟ್ಟಿಗಳು ಕೆಂಪು ಮೊದಲು ಎಂದು ತಿಳಿಯುತ್ತವೆ, ಕೆಲವು ಹಸಿರು ಮೊದಲು ಎಂದು. ಅದನ್ನು ಇದ್ದಂತೆಯೇ ಬಿಡಲಾಯಿತು. ಹಾಗಾಗಿ ಕೆಂಪು ಒತ್ತಿದರೆ ಹಸಿರು, ಹಸಿರು ಒತ್ತಿದರೆ ಕೆಂಪು ಉರಿಯುವ ಸ್ಥಿತಿ ಉಂಟಾಯಿತು.

ಪರೀಕ್ಷೆ ಮಾಡಲಿಲ್ಲವೆ ಎಂದರೆ, ಮಾಡಲಾಯಿತು. ತಾವೇ ಖುದ್ದು ರಸ್ತೆಯಲ್ಲಿ ನಿಂತು, “ಕೆಂಪು ಹಸಿರು ಎಲ್ಲ ಬೇಡ, ನೋಡಿದವರು ನಗ್ತಾರೆ. ಬಿಳಿ ತೋರಿಸು. ಆಯ್ತು, ನೀಲಿ ತೋರಿಸು. ಸಾಕು” ಎಂದಿರಿ. ಕೆಂಪು ಹಸಿರಿನ ಕ್ರಮ ತಪ್ಪಿದ್ದರೂ ಬಿಳಿ ಬಿಳಿಯೇ, ನೀಲಿ ನೀಲಿಯೇ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಅರ್ಜಿದಾರನು ಒಪ್ಪಿಕೊಳ್ಳುತ್ತಾ, ಆದರೂ ಕಡತದಲ್ಲಿ ಇರಲಿ ಎಂದು ನಮೂದಿಸುತ್ತಾನೆ.

5. ಮಾರನೆಯ ಸಂಜೆ ತಮಗೆ ನೆಗಡಿಯಾಗಿ ವಾಕಿಂಗ್ ತಪ್ಪಿತು. ತಮ್ಮ ಮಗಳು ಕೂಡಲೇ ಕೆಂಪು ಒತ್ತಿದರು. ಬಾಲ್ಕನಿ ಹಚ್ಚಹಸಿರಾಗಿ ಉರಿಯಿತು. ಎದುರಿನ ಕಿಟಕಿಯಲ್ಲಿ ಕಾದಿದ್ದ ಅರ್ಜಿದಾರನು ತಲೆ ಬಾಚಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಒಳಗೆ ಬಂದರೆ, ತಾವು ಮೂಗು ಒರೆಸಿಕೊಳ್ಳುತ್ತಾ ಪೇಪರ್ ಓದುತ್ತಿದ್ದಿರಿ.

“ದೀಪ ಚೆಕ್ ಮಾಡೋಕೆ ಬಂದೆ ಸಾರ್.”

“ಉರೀತಾ ಇದೆಯಲ್ಲಪ್ಪ.”

“ಉರಿಯುವಾಗಲೇ ಚೆಕ್ ಮಾಡ್ಬೇಕು ಸಾರ್.”

ಹೀಗೆ ಹೇಳಿದ ಮೇಲೆ ಏನಾದರೂ ಮಾಡಲೇಬೇಕಾದ್ದರಿಂದ ಫೋನಿನಲ್ಲಿ ಸೆಟ್ಟಿಂಗ್ ತೆರೆದನು. ನೋಡಿದರೆ, ಬಣ್ಣದ ಕ್ರಮ! ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಹೇಳಿಕೊಂಡು, ಸರಿಪಡಿಸಿ, ಸೇವ್ ಮಾಡಿದನು. ತಮಗೆ ಹೇಳಿದ್ದ ಸುಳ್ಳು ಆ ಕ್ಷಣಕ್ಕೆ ನಿಜವಾಯಿತು.

6. ಅರ್ಜಿದಾರನು ಸೇವ್ ಮಾಡುವುದಕ್ಕೆ ತುಸು ಮೊದಲೇ ತಮ್ಮ ಮಗಳು ಕಸ ಹಾಕುವ ನೆಪದಲ್ಲಿ ಕೆಳಗಿಳಿದು, ರಸ್ತೆಯಿಂದ ದೀಪ ನೋಡಿ, ಕೆಂಪು ಒತ್ತಿದರೆ ಹಸಿರು ಬರುತ್ತದೆಂದು ಪತ್ತೆ ಹಚ್ಚಿದ್ದರು. ಇನ್ನು ಮುಂದೆ ಉಲ್ಟಾ ಒತ್ತಿದರಾಯಿತು ಎಂದು ಅವರಷ್ಟಕ್ಕೆ ಅವರು ನಿರ್ಧರಿಸಿದರು. ಮೆಟ್ಟಿಲಿನಲ್ಲಿ ಇಬ್ಬರೂ ಎದುರಾದರು. ಇಬ್ಬರ ಮುಖದಲ್ಲೂ ಗೆದ್ದ ಕಳೆ. ತಾವು ಮೇಲಿನಿಂದ ಬಗ್ಗಿ ನೋಡುತ್ತಿದ್ದುದರಿಂದ ತುಟಿ ಪಿಟಕ್ ಎನ್ನುವಂತಿರಲಿಲ್ಲ. ಮರುದಿನ ಕನ್ನಡಕದ ಅಂಗಡಿಗೆ ರಜೆ, ಅಲ್ಲಿಯೂ ಮಾತಿಗೆ ಅವಕಾಶವಾಗಲಿಲ್ಲ. ಒಂದೇ ತಪ್ಪನ್ನು ಇಬ್ಬರೂ ಪ್ರತ್ಯೇಕವಾಗಿ ಸರಿಪಡಿಸಿದ ಕಾರಣ ಅದು ಮತ್ತೆ ತಪ್ಪಾಯಿತು.

7. ಇನ್ನು ಆ ಮರುದಿನದ ಸಂಜೆಯ ಘಟನೆ. ತಾವು ಮನೆಯಲ್ಲೇ ಇದ್ದಿರಿ. ತಮ್ಮ ಮಗಳು, ಕೆಂಪು ಬರಲಿ ಎಂದು ಹಸಿರು ಒತ್ತಿದರು. ಹಸಿರೇ ಬಂತು. ಅರ್ಜಿದಾರನೂ ಬಂದನು. ಹಾಲ್‌ನಲ್ಲಿ ಯಾರೋ ಹೂವಿನ ಬೆಡ್‌ಶೀಟ್ ಹೊದ್ದು, ಪಾತ್ರೆಯ ಮುಂದೆ ಬಗ್ಗಿ ಹಬೆ ತೆಗೆದುಕೊಳ್ಳುತ್ತಿದ್ದರು. ಆ ಬೆಡ್‌ಶೀಟು ತಮ್ಮ ಮಗಳದು. ಆದಕಾರಣ ಅರ್ಜಿದಾರನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆನ್ನು ಸವರಿ, ಮೆಲ್ಲಗೆ ಕೇಳಿದನು:

“ಚಿನ್ನ, ನಿಂಗೂ ನೆಗಡಿನಾ? ಆ ಮುದಿ ಗೂಬೆ ವಾಕಿಂಗ್ ಹೋಯ್ತಾ?”

ಬೆಡ್‌ಶೀಟಿನ ಒಳಗಿನಿಂದ ಕಟ್ಟಿದ ಮೂಗಿನ ದನಿ ಬಂತು. “ಇಲ್ಲ. ಗೂಬೆ ಹಬೆ ತಗೊಳ್ತಾ ಇದೆ.”

ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, “ಒಡವೆ ಅಂಗಡಿ ನೀನೇನಾ?” ಎಂದು ಕೇಳಿತು.

ಬಿಸಿನೀರು ಹಿಡಿದು ಬಂದ ತಮ್ಮ ಮಗಳು ಅರ್ಜಿದಾರನನ್ನು ಕಂಡು ಅಲ್ಲೇ ನಿಂತರು. “ಯಾಕೆ ಬಂದೆ? ನಾನು ಹಸಿರು ಒತ್ತಿದ್ದೆ.”

“ಹಸಿರು ಒತ್ತಿದ್ದಕ್ಕೇ ಬಂದೆ.”

“ಹಸಿರು ಒತ್ತಿದ್ರೆ ಕೆಂಪು ಬರ್ಬೇಕಲ್ಲ?”

“ಅದನ್ನ ನಾನು ನಿನ್ನೇನೇ ಸರಿಮಾಡಿದ್ನಲ್ಲ?”

ಎದುರಿಗೆ ತಾವಿದ್ದೀರೆಂಬುದನ್ನೂ ಮರೆತು ಇಬ್ಬರೂ ಜಗಳಕ್ಕೆ ನಿಂತಿದ್ದರಿಂದ, ತಮಗೆ ಸಂಪೂರ್ಣ ಮಾಹಿತಿ ಲಭ್ಯವಾಯಿತು.

8. ಆಗ ತಾವು ಬೆಡ್‌ಶೀಟ್ ಸರಿಸಿ, ಬೆವರಿದ ಮುಖದಲ್ಲಿ ಕೇಳಿದಿರಿ: “ಕೆಂಪು ಅಂದ್ರೆ ನಾನು ಮನೇಲಿದೀನಿ ಅಂತ. ಹೌದಾ?”

ತಮ್ಮ ಮಗಳು ಹೌದೆಂದು ತಲೆಯಾಡಿಸಿದರು.

“ನಾನು ಬೈದಿದೀನಾ ನಿಂಗೆ ಯಾವತ್ತಾದ್ರೂ?”

“ಇಲ್ಲಪ್ಪ. ಬೈದಿದ್ರೆ ಹೇಳೋಕೆ ಸುಲಭ ಆಗ್ತಿತ್ತು. ನೀವು ಎಲ್ಲದಕ್ಕೂ ‘ನೋಡೋಣ’ ಅಂತೀರ.”

ತಾವು “ಓಹೋ” ಎಂದು ಮತ್ತೆ ಮುಸುಕು ಹಾಕಿಕೊಂಡಿರಿ. ಪಾತ್ರೆಯ ನೀರು ಆಗಲೇ ತಣ್ಣಗಾಗಿತ್ತು, ಹಬೆ ನಿಂತುಹೋಗಿತ್ತು. ಆದರೂ ತಾವು ಹೊರಗೆ ಬರಲಿಲ್ಲ. ಅರ್ಜಿದಾರನಿಗೆ ಅಲ್ಲಿಯವರೆಗೆ ಇದ್ದದ್ದು ಹೆದರಿಕೆ. ಆಮೇಲೆ ಆದದ್ದು ಸಂಕಟ. ಸ್ವಂತ ಮನೆಯಲ್ಲಿ ಒಬ್ಬರು ಇದ್ದಾರೆಂಬುದನ್ನು ಅಪಾಯದ ಬಣ್ಣದಲ್ಲಿ ಬೀದಿಗೆಲ್ಲ ಸಾರಿದ್ದು ತಪ್ಪು. ಅದನ್ನು ಯಾವ ಸೆಟ್ಟಿಂಗ್ ಮೇಲೂ ಹೊರಿಸುವಂತಿಲ್ಲ. ಅನಂತರವೇ ಉಲ್ಲೇಖ 1 ಮತ್ತು 2ರ ಆದೇಶಗಳು ಹೊರಬಿದ್ದವು.

ಆದ್ದರಿಂದ, ಈ ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ

(ಅ) “ಗೂಬೆ” ಎಂಬ ಪದವನ್ನು ಕಡತದಿಂದ ತೆಗೆದುಹಾಕಬೇಕು. “ಮುದಿ” ಎಂಬುದನ್ನು ಸಹ;

(ಆ) ಕೆಂಪು ಬಣ್ಣಕ್ಕೆ ಈ ಹಿಂದೆ ಕೊಟ್ಟ ಅರ್ಥವನ್ನು ಪೂರ್ವಾನ್ವಯವಾಗುವಂತೆ ರದ್ದುಪಡಿಸಬೇಕು;

(ಇ) ತಾವು ಮನೆಯಲ್ಲಿ ಇರುವಾಗಲೇ ಬೆಲ್ ಒತ್ತಿ ಒಳಗೆ ಬರಲು ಅರ್ಜಿದಾರನಿಗೆ ಅನುಮತಿ ನೀಡಬೇಕು;

(ಈ) ಅರ್ಜಿದಾರನಿಗೆ ತಮ್ಮ ಮಗಳೆಂದರೆ ತುಂಬ ಇಷ್ಟ. ಅವರಿಗೂ ಇವನೆಂದರೆ ಇಷ್ಟವಂತೆ. ಇದಕ್ಕೆ ಕಚೇರಿ ಭಾಷೆ ಎಷ್ಟು ಹುಡುಕಿದರೂ ಸಿಗಲಿಲ್ಲ. “ನೋಡೋಣ” ಎಂಬುದನ್ನು ಬಿಟ್ಟು ಬೇರೆ ಏನನ್ನಾದರೂ ಹೇಳಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಕ್ಕೆ ಪಾತ್ರನಾಗಬೇಕೆಂದು ಹಂಬಲಿಸುತ್ತಿರುವ,
ದೀಪದವನು

ಲಗತ್ತುಗಳು:
1. ಅರ್ಜಿದಾರನಿಗೆ ಬಣ್ಣ ಸರಿಯಾಗಿ ಕಾಣುತ್ತದೆಂಬ ದೃಢೀಕರಣ ಪತ್ರ. (ಸಹಿ ತಮ್ಮ ಮಗಳದೇ ಆಗಿದ್ದು, ಪಕ್ಷಪಾತವೆಂದು ಭಾವಿಸಬಾರದು.)
2. ಸರಿಪಡಿಸಿದ ಔಟ್‌ಪುಟ್ ಸೆಟ್ಟಿಂಗ್‌ನ ಫೋಟೋ ಪ್ರತಿ.
3. ನೆಗಡಿ ಮಾತ್ರೆ, ಒಂದು ಪಟ್ಟಿ.

ವಿಶೇಷ ಸೂಚನೆ: ಈ ಅರ್ಜಿಯನ್ನು ಮಡಚುತ್ತಿರುವಾಗಲೇ ತಮ್ಮ ಬಾಲ್ಕನಿಯಲ್ಲಿ ಹಳದಿ ದೀಪ ಉರಿಯತೊಡಗಿದೆ. ತಮ್ಮ ಮಗಳು ಬ್ರೆಡ್ ಕೊಳ್ಳಲು ಬಂದು ಬೇಕರಿಯ ಮುಂದೆ ಅರ್ಜಿದಾರನ ಪಕ್ಕದಲ್ಲೇ ನಿಂತಿದ್ದು, ರಿಮೋಟ್ ಅವರ ಬಳಿ ಇಲ್ಲ. ಮನೆಯಲ್ಲಿರುವವರು ತಾವೊಬ್ಬರೇ. ಹಳದಿಯ ಬಗ್ಗೆ ಯಾರ ನಡುವೆಯೂ ಯಾವ ಒಪ್ಪಂದವೂ ಆಗಿರುವುದಿಲ್ಲ. ಕೆಂಪನ್ನೂ ಹಸಿರನ್ನೂ ಸಮಸಮ ಬೆರೆಸಿದರೆ ಹಳದಿ ಬರುತ್ತದೆ, ಅವೆರಡರ ಕ್ರಮ ಹೇಗಿಟ್ಟರೂ ಅದು ಹಳದಿಯೇ. ಆದ್ದರಿಂದ ಈ ಬಾರಿ ಕಂಟ್ರೋಲರ್ ತಪ್ಪಿಲ್ಲ, ತಾವು ಒತ್ತಿದ್ದೇ ಬಂದಿದೆ. ಅದರ ಅರ್ಥ ಏನೆಂದು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ. ಬರೆಯಲು ತಡವಾಗುವುದಾದರೆ ಬಾಲ್ಕನಿಯಿಂದ ಕೂಗಿ ಹೇಳಿದರೂ ಸಾಕು. ಅರ್ಜಿದಾರನು ರಸ್ತೆ ದಾಟಿ ಬಂದು ಮೊದಲ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟುಕೊಂಡು ನಿಂತಿರುತ್ತಾನೆ.