ಟಕ್ ಎಂದ ಕಾರು

ಸ್ಟಾರ್ಟು ಮಾಡುವ ಗುಂಡಿ ಒತ್ತಿದರೆ ಕಾರು "ಟಕ್" ಎಂದಿತು. ಇನ್ನೊಮ್ಮೆ ಒತ್ತಿದರೆ ಇನ್ನೊಮ್ಮೆ "ಟಕ್". ಅದರಾಚೆಗೆ ಒಂದು ಮಾತೂ ಇಲ್ಲ.

ಡ್ರೈವರ್ ಕದಿರಪ್ಪ ಇಳಿದು ಕಾರಿಗೆ ಒಂದು ಸುತ್ತು ಬಂದ. ಬೂದಿಕೋಟೆ ಕಡೆಯವನಾದ ಅವನು ರಾಬರ್ಟ್‌ಸನ್‌ಪೇಟೆಯ ಮರದ ಕಂಟ್ರಾಕ್ಟರ್ ಶ್ರೀರಾಮಪ್ಪನವರಲ್ಲಿ ಕೆಲಸಕ್ಕೆ ಸೇರಿ ಇನ್ನೂ ಹದಿನೆಂಟು ದಿನ. ಓಡಿಸುವುದು ಬರುತ್ತಿತ್ತು. ರಿಪೇರಿಯೂ ಬರುತ್ತದೆಂದು ಸುಳ್ಳು ಹೇಳಿ ಕೆಲಸ ಗಿಟ್ಟಿಸಿದ್ದ. ಇವತ್ತು ಹನ್ನೊಂದರ ರೈಲಿಗೆ ಶ್ರೀರಾಮಪ್ಪನವರ ಅತ್ತೆ ಅಮ್ಮಾಜಮ್ಮ ಒಂದು ತಿಂಗಳು ಇದ್ದು ಹೋಗಲು ಕುಪ್ಪಂನಿಂದ ಬಂಗಾರಪೇಟೆಗೆ ಬಂದಿಳಿಯುವವರಿದ್ದರು. ಆಕೆ ಬಸ್ಸು ಹತ್ತುವವರಲ್ಲ, ಜಟಕಾ ಅಂತೂ ಮೊದಲೇ ಅಲ್ಲ. ಸ್ಟೇಷನ್ನಿನಲ್ಲಿ ಅಳಿಯನ ಕಾರು ಕಾಣದಿದ್ದರೆ ಮುಂದಿನ ರೈಲಿಗೇ ವಾಪಸ್ಸು ಎಂದು ಕಾಗದ ಬರೆಸಿದ್ದರು.

"ಕಾರು ಓಗ್ಲಿಲ್ಲ ಅಂದ್ರೆ ನೀನು ಓಗ್ತೀಯ, ತಿಳ್ಕೋ," ಎಂದರು ಯಜಮಾನಿ ಗಂಗರತ್ನಮ್ಮ, ಬಾಗಿಲಲ್ಲೇ ನಿಂತು.

ಶ್ರೀರಾಮಪ್ಪನವರು ಮಾತ್ರ ಜಗಲಿಯಲ್ಲಿ ಪೇಪರು ಹಿಡಿದು ಕಾಫಿ ಹೀರುತ್ತಿದ್ದರು.

"ಸಾಮಿ, ಹ್ಯಾಂಡ್ಲು ಕೊಡಿ, ಮುಂದಿಂದ ತಿರುವಿ ನೋಡ್ತೀನಿ."

"ಅದನ್ನ ಯಾರಿಗೋ ಕೊಟ್ಟೆ ಕಣಯ್ಯಾ, ಯಾರಿಗೆ ಅಂತ ನೆಪ್ಪಿಲ್ಲ. ಯಂತ್ರ ಅಂದ್ಮೇಲೆ ಕೆಡ್ತದೆ, ಏನ್ ಮಾಡಕಾಯ್ತದೆ?" ಎಂದು ಪುಟ ತಿರುವಿದರು. ಎಂಥ ದೊಡ್ಡ ಮನಸ್ಸಿನ ಧಣಿ ಎಂದು ಕದಿರಪ್ಪನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಎದುರುಮನೆಯ ಮುನಿಸ್ವಾಮಪ್ಪ ಬಂದರು. ನಂದಿದುರ್ಗ ಚಿನ್ನದ ಗಣಿಯಲ್ಲಿ ಆಳುಗಳನ್ನು ಇಳಿಸಿ ಏರಿಸುವ ಯಂತ್ರವನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದವರು. ಬಾನೆಟ್ಟಿಗೆ ಕಿವಿಯಾನಿಸಿ, ಡಾಕ್ಟರಂತೆ ಕಣ್ಣು ಮುಚ್ಚಿ, "ಒತ್ತು" ಎಂದರು.

ಟಕ್.

"ಪೆಟ್ರೋಲು ಬತ್ತಾ ಇಲ್ಲ. ಸಾವ್ರ ಮಂದೀನ ಪಾತಾಳಕ್ಕೆ ಇಳ್ಸಿದೋನು ನಾನು, ಇದ್ಯಾವ ಲೆಕ್ಕ?" ಎಂದು ಪೈಪು ಕಳಚಿ ಬಾಯಿಂದ ಎಳೆದರು. ಪೆಟ್ರೋಲು ಬಹಳ ಚೆನ್ನಾಗಿ ಬಂತು, ನೇರ ಗಂಟಲಿಗೆ. ಅವರು ನಲ್ಲಿಯ ಬಳಿ ಕೂತು ಉಗಿಯತೊಡಗಿದರು.

ಪಕ್ಕದ ಮನೆಯ ಮುತ್ಯಾಲಮ್ಮ ಸೊಂಟಕ್ಕೆ ಕೈಯಿಟ್ಟರು. "ಪೆಟ್ರೋಲೂ ಅಲ್ಲ, ಗಿಟ್ರೋಲೂ ಅಲ್ಲ. ಕಣ್ಣು ಬಿದ್ದೈತೆ! ನೆನ್ನೆ ತೊಳ್ದು ಮದುವಣಗಿತ್ತಿ ಥರ ಬೀದೀಲಿ ನಿಲ್ಸಿದ್ಯಲ್ಲಪ್ಪಾ!"

ಮೆಣಸಿನಕಾಯಿ, ಉಪ್ಪು ನಿವಾಳಿಸಿ, ಕೆಂಡದ ಬಾಣಲೆ ಹಿಡಿದು ಕಾರಿನತ್ತ ಬಂದರು. ಪೆಟ್ರೋಲಿನ ವಾಸನೆ ಇನ್ನೂ ಆರಿರಲಿಲ್ಲ. ಮುನಿಸ್ವಾಮಪ್ಪ "ಅಯ್ಯಯ್ಯೋ, ಬೆಂಕಿ!" ಎಂದು ಕೂಗಿ ಒಂದು ಕೊಡ ನೀರನ್ನು ಎತ್ತಿ ಸುರಿದರು. ಅರ್ಧ ನೀರು ಕೆಂಡಕ್ಕೆ, ಅರ್ಧ ಮುತ್ಯಾಲಮ್ಮನಿಗೆ. ಮೆಣಸಿನ ಹೊಗೆಗೆ ಬೀದಿಯೆಲ್ಲ ಕೆಮ್ಮಿತು. ಕಾರೊಂದೇ ಕೆಮ್ಮಲಿಲ್ಲ.

"ತಳ್ರೋ!" ಎಂದ ಬೀದಿಯ ಕೊನೆಯ ದರ್ಜಿ ಕೋದಂಡಪ್ಪ. ಎಂಟು ಜನ ಕೈಹಚ್ಚಿದರು. ಇಳಿಜಾರು ಸಿಕ್ಕಿ ಕಾರು ಓಡಿತು. ಎಂಟು ಬಾಯಿಂದ ಎಂಟು ಸಲಹೆ: "ಗೇರಾಕು!" "ಬ್ರೇಕಿಡಿ!" "ಕಾಲೆತ್ತು!" ಯಾವ ಕಾಲು ಎಂದು ತಿಳಿಯದೆ ಕದಿರಪ್ಪ ಕ್ಲಚ್ಚನ್ನು ಒತ್ತಿದವನು ಒತ್ತಿಕೊಂಡೇ ಇದ್ದ. ಕಾರು ಸದ್ದಿಲ್ಲದೆ ಇಳಿದು ಕೋದಂಡಪ್ಪನ ಅಂಗಡಿಯ ಮೆಟ್ಟಿಲಿಗೆ ಮೂಗು ತಾಗಿಸಿ ನಿಂತಿತು.

ಗಂಟೆ ಹತ್ತಾಗಿತ್ತು. ಕದಿರಪ್ಪ ಸ್ಟಿಯರಿಂಗಿಗೆ ತಲೆಯಿಟ್ಟ. ಊರಿಗೆ ಹೋಗಿ ಎಮ್ಮೆ ಮೇಯಿಸುವುದೇ ವಾಸಿ ಎನಿಸಿತು. ತಲೆಯೆತ್ತಿದರೆ ಎದುರಿಗೆ ದರ್ಜಿಯ ನಿಲುಗನ್ನಡಿ. ಅದರೊಳಗೆ ಕಾರಿನ ದೀಪಗಳು ಉರಿಯುತ್ತಿದ್ದವು; ಗಾಬರಿಯಲ್ಲಿ ಯಾವಾಗಲೋ ಸ್ವಿಚ್ಚು ಎಳೆದಿದ್ದ. ಸುಮ್ಮನೆ ಗುಂಡಿ ಒತ್ತಿದ. ಟಕ್. ದೀಪ ಆರಿತು. ಬಿಟ್ಟ. ದೀಪ ಮತ್ತೆ ಹತ್ತಿತು.

ಕದಿರಪ್ಪ ನೆಟ್ಟಗೆ ಕೂತ. ಬ್ಯಾಟರಿಯಲ್ಲಿ ಕರೆಂಟು ಇದೆ. ದೀಪಕ್ಕೆ ಸಾಕಾಗುವಷ್ಟು ಬರುತ್ತಿದೆ, ಇಂಜಿನ್ನು ತಿರುಗಿಸಲು ಜಾಸ್ತಿ ಬೇಕಾದಾಗ ಬರುತ್ತಿಲ್ಲ. ಹಾಗಿದ್ದರೆ ಎಲ್ಲೋ ಹಿಡಿತ ತಪ್ಪಿದೆ! ಇಳಿದು ಬಾನೆಟ್ಟು ಎತ್ತಿದ. ಬ್ಯಾಟರಿಯ ದಪ್ಪ ತಂತಿ ಬೀಳಲಿರುವ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಸ್ಪ್ಯಾನರಿನಿಂದ ಬಿಗಿ ಮಾಡಿ, ಪೈಪು ಜೋಡಿಸಿ, ದೇವರನ್ನು ನೆನೆದು ಒತ್ತಿದ.

ಗುರ್ರ್! ಬೀದಿ ಚಪ್ಪಾಳೆ ತಟ್ಟಿತು.

ಬಂಗಾರಪೇಟೆಗೆ ರೈಲೂ ಅವನೂ ಒಟ್ಟಿಗೇ ತಲುಪಿದರು. ಏಳು ಗಂಟು, ಎರಡು ಉಪ್ಪಿನಕಾಯಿ ಜಾಡಿಯೊಡನೆ ಬಂದ ಅಮ್ಮಾಜಮ್ಮ ದಾರಿಯುದ್ದಕ್ಕೂ ಅವನ ಕತೆ ಕೇಳಿ ಮನೆ ಮುಟ್ಟುತ್ತಲೇ ಸಾರಿದರು: "ಇಂಥ ಡ್ರೈವರು ಇರೋವಾಗ ಒಂದು ತಿಂಗಳು ಯಾತಕ್ಕೂ ಸಾಲ್ದು. ಯುಗಾದಿಗಂಟ ಇರ್ತೀನಿ. ದಿನಕ್ಕೊಂದು ದೇವಸ್ಥಾನ!"

ಸಂಜೆ ಗಂಗರತ್ನಮ್ಮ ಕಾರಿನ ಷೆಡ್ಡಿಗೇ ಬಂದು ಕಾಫಿ ಕೊಟ್ಟರು. "ತಂತಿ ತಾನಾಗೇ ಸಡ್ಲ ಆಯ್ತದೇನೋ? ಯಾರೋ ಬೇಕಂತ ಬಿಚ್ಚೌರೆ. ಇವತ್ತಿಂದ ನೀನು ಇಲ್ಲೇ ಮಲಕ್ಕೋ. ಬಂದೋನ ಬೆನ್ನಿಗೆ ಮೊದ್ಲು ಬಾರ್ಸು, ಆಮೇಲೆ ಯಾರೂಂತ ಕೇಳು. ಬಿಟ್ಟಿಯೋ, ಕೆಲ್ಸ ಓಯ್ತು." ಅವನ ಕೈಗೊಂದು ದೊಣ್ಣೆ ಕೊಟ್ಟು ಹೋದರು.

ಅವರು ಮರೆಯಾಗುತ್ತಲೇ ಶ್ರೀರಾಮಪ್ಪನವರು ಬೆಕ್ಕಿನಂತೆ ಒಳಗೆ ನುಸುಳಿ ಬಾಗಿಲು ಮುಂದೆ ಮಾಡಿದರು. ಬೆಳಗಿನ ಶಾಂತಿ ಆ ಮುಖದಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ.

"ಮನೆಹಾಳ! ನಿಂಗ್ಯಾರ್ಲಾ ರಿಪೇರಿ ಮಾಡು ಅಂದಿದ್ದು? ನೀನು ಬರೋಕೆ ಮುಂಚೆ ಎದ್ದು, ಕೈಯೆಲ್ಲ ಮಸಿ ಮಾಡ್ಕೊಂಡು ಬಿಚ್ಚಿದ್ದೆ ಕಣ್ಲಾ! ಒಂದು ತಿಂಗ್ಳಿಗೇ ನಾನು ಬೆದರಿದ್ದೆ, ಈಗ ಯುಗಾದಿಗಂಟ ಅಂತೆ!"

ಕದಿರಪ್ಪ ದೊಣ್ಣೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.

"ಕೇಳಿಲ್ಲಿ. ನಾಳೆ ಅಮ್ಮ ಮಗಳು ದೇವಸ್ಥಾನಕ್ಕೆ ಹೊಂಟೌರೆ. ಹಾಲಿನೋಳು ಬರೋಕೆ ಮುಂಚೆ ಬಂದು ಮತ್ತೆ ಬಿಚ್ತೀನಿ. ನೀನು ಗೊರಕೆ ಹೊಡೀತಾ ಬಿದ್ದಿರ್ಬೇಕು. ಕಣ್ಣು ಬಿಟ್ಟಿಯೋ, ಕೆಲ್ಸ ಓಯ್ತು!"

ಧಣಿಗಳು ತಿರುಗಿ ಹೊರಟರು. ಕದಿರಪ್ಪ ಅವರ ಅಗಲವಾದ ಬೆನ್ನನ್ನೊಮ್ಮೆ, ಕೈಲಿದ್ದ ದೊಣ್ಣೆಯನ್ನೊಮ್ಮೆ ನೋಡುತ್ತ ನಿಂತ.